ಕಣ್ಣೆಳೆಯುವ ಗುಳಿಗೆ

ಪುಣೆಯ ಕೋಥರೂಡಿನ ನಮ್ಮ ಔಷಧದಂಗಡಿಯ ಗೋಡೆಯ ಮೇಲೆ ನನ್ನ ಹೆಸರು, ನನ್ನ ಫೋಟೋ, ನನ್ನ ನೋಂದಣಿ ಸಂಖ್ಯೆ ಎಲ್ಲವೂ ಗಾಜಿನ ಚೌಕಟ್ಟಿನೊಳಗೆ ತೂಗುತ್ತಿವೆ. ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಮುಂದೆ, ಕೂರುವವನು ಮಾತ್ರ ನನ್ನ ಗಂಡ. ಅವನದು ಕನ್ನಡದ ಮನೆತನವೇ, ಮೂರು ತಲೆಮಾರಿನಿಂದ ಪುಣೆಯಲ್ಲಿ ವ್ಯಾಪಾರ ಮಾಡಿಕೊಂಡು ಬಂದದ್ದು. ಮೊದಲು ಬಟ್ಟೆ, ಆಮೇಲೆ ಸ್ಟೇಷನರಿ. ಔಷಧದ ವ್ಯಾಪಾರ ಎಂದೂ ಬೀಳುವುದಿಲ್ಲ ಎಂದು ಯಾರೋ ಕಿವಿಯಲ್ಲಿ ಊದಿದ ಮೇಲೆ ಅವರಿಗೆ ಫಾರ್ಮಸಿ ಓದಿದವಳೊಬ್ಬಳು ಬೇಕಾದಳು, ಏಕೆಂದರೆ ಓದಿದವರ ಸರ್ಟಿಫಿಕೇಟಿಲ್ಲದೆ ಅಂಗಡಿಗೆ ಲೈಸೆನ್ಸು ಸಿಗುವುದಿಲ್ಲ. ನನ್ನ ಅತ್ತೆ ಗದಗಿಗೆ ಬಂದು ನನ್ನನ್ನು ನೋಡಿದಾಗ ರೊಟ್ಟಿ ಬಡಿಯಲು ಬರುತ್ತದೆಯೇ ಎಂದೂ ಕೇಳಲಿಲ್ಲ. ಸರ್ಟಿಫಿಕೇಟು ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಸೀಲು ನೋಡಿದರು.

ಇದನ್ನು ನಾನು ಕಹಿಯಿಂದ ಕಟ್ಟಿ ಹೇಳುತ್ತಿಲ್ಲ. ಮದುವೆಯಾದ ಎರಡನೇ ವಾರ ಅವರೇ ಬಾಯಿಬಿಟ್ಟು ಹೇಳಿದ್ದರು. ಸಾರಿಗೆ ಉಪ್ಪು ಹೆಚ್ಚಾಗಿತ್ತು ಎಂಬುದಷ್ಟೇ ನೆಪ. "ನಿನ್ನ ಕೊಳ್ಳಾಗ ಅಲ್ಲ, ನಿನ್ನ ಸರ್ಟಿಫಿಕೇಟಿನ ಕೊಳ್ಳಾಗ ತಾಳಿ ಕಟ್ಟೇವಿ," ಅಂದರು. ನನ್ನ ಗಂಡ ಎದುರಿಗೇ ಕೂತು ಉಣ್ಣುತ್ತಿದ್ದ. ಅವನು ಇನ್ನಷ್ಟು ಅನ್ನ ಹಾಕಿಸಿಕೊಂಡ.

ಅತ್ತೆಯ ನಾಲಿಗೆಯ ಬಗ್ಗೆ ಹೇಳಹೊರಟರೆ ಮುಗಿಯುವುದಿಲ್ಲ, ಒಂದು ಸಾಕು. ನನ್ನ ಅಪ್ಪ ತೀರಿಕೊಂಡಾಗ ನಾನು ಗದಗಿಗೆ ಹೋದೆ. ಮೂರನೇ ದಿನ ಫೋನ್ ಬಂತು. ಔಷಧ ಇಲಾಖೆಯ ಇನ್‌ಸ್ಪೆಕ್ಟರು ಆ ರಸ್ತೆಯ ಅಂಗಡಿಗಳನ್ನು ನೋಡುತ್ತಿದ್ದಾನೆ, ಫಾರ್ಮಸಿಸ್ಟ್ ಅಂಗಡಿಯಲ್ಲಿ ಇಲ್ಲದಿದ್ದರೆ ಬಾಗಿಲು ಹಾಕಿಸುತ್ತಾನೆ ಎಂದು ಗಂಡ ತೊದಲಿದ. ಅತ್ತೆ ಅವನ ಕೈಯಿಂದ ಫೋನ್ ಕಸಿದುಕೊಂಡು, "ಲೈಸೆನ್ಸು ಗದಗಿನಾಗ ಅಳಕೋತ ಕೂತ್ರ ಇಲ್ಲೆ ಅಂಗಡಿ ಹೆಂಗ ತೆಗೀಬೇಕು?" ಅಂದರು. ಅಪ್ಪನ ದಿನಗಳು ಮುಗಿಯುವ ಮೊದಲೇ ನಾನು ಬಸ್ಸು ಹತ್ತಿದೆ. ಆ ಇನ್‌ಸ್ಪೆಕ್ಟರು ಬರಲೇ ಇಲ್ಲ. ಇದನ್ನು ನಾನು ಮರೆತಿಲ್ಲ, ಮರೆಯುವ ಮನಸ್ಸೂ ಇಲ್ಲ.

ಅಂಗಡಿಯಲ್ಲಿ ಮಾತ್ರ ನಾನು ಬೇರೆಯೇ ಹೆಂಗಸು. ರಾಂಜಣಗಾಂವದ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮಷೀನಿನ ಮುಂದೆ ನಿಲ್ಲುವ ವಿಜಯಪುರದ ಕಡೆಯ ಒಬ್ಬ ಗಿರಾಕಿ ಇದ್ದ. ಧೂಳಿಗೆ ಅವನಿಗೆ ಸೀನು ಹತ್ತಿದರೆ ನಿಲ್ಲುತ್ತಿರಲಿಲ್ಲ. ಹಳೆಯ ಅಲರ್ಜಿ ಗುಳಿಗೆಯನ್ನೇ ಕೊಡಿ ಎಂದು ಪ್ರತಿ ಸಲ ಕಾಡುತ್ತಿದ್ದ. ಕ್ಲೋರ್‌ಫೆನಿರಮೈನ್ ಎಂಬ ಆ ಪುಟ್ಟ ಗುಳಿಗೆ ನಮ್ಮ ಅಜ್ಜಿಯರ ಕಾಲದಿಂದಲೂ ಇದೆ. ಅದು ಸೀನು ನಿಲ್ಲಿಸುತ್ತದೆ, ಸುಳ್ಳಲ್ಲ. ಆದರೆ ಅದು ಮೂಗಿನಲ್ಲಷ್ಟೇ ನಿಲ್ಲುವುದಿಲ್ಲ, ಮಿದುಳಿಗೂ ಹೋಗುತ್ತದೆ. ತನಗೆ ನಿದ್ದೆ ಬಂದಿಲ್ಲ ಎಂದು ಮನುಷ್ಯ ತಿಳಿದಿರುತ್ತಾನೆ, ಕೈ ಮಾತ್ರ ಅರೆಕ್ಷಣ ತಡವಾಗಿ ಏಳುತ್ತದೆ. ನಾನು ಅವನಿಗೆ ನಿದ್ದೆ ತರದ ಹೊಸ ಗುಳಿಗೆಯನ್ನೇ ಕೊಟ್ಟೆ, ಡಾಕ್ಟರರ ಚೀಟಿಯನ್ನೂ ತರಿಸಿದೆ. ಅವನ ಹತ್ತು ಬೆರಳುಗಳೂ ಇವತ್ತಿಗೂ ನೆಟ್ಟಗಿವೆ. ಗುರುತಿಲ್ಲದವರ ಬೆರಳು ಕಾಯುವಷ್ಟು ಒಳ್ಳೆಯವಳು ನಾನು ಎಂದು ಹೇಳಿಕೊಳ್ಳಲು ಇದನ್ನು ಬರೆದಿದ್ದೇನೆ, ಮುಂದಿನದಕ್ಕೆ ಇದು ಬೇಕಾಗುತ್ತದೆ.

ಅತ್ತೆಗೆ ಎಪ್ಪತ್ತಾರು ಆದ ವರ್ಷ ಮೈಮೇಲೆ ಪಿತ್ತದ ಗಂದೆಗಳು ಏಳತೊಡಗಿದವು. ಹೊಟ್ಟೆ, ತೊಡೆ, ಬೆನ್ನು, ಎಲ್ಲೆಂದರಲ್ಲಿ ಕೆಂಪು ದದ್ದು. ಒಂದು ಕಡೆ ಇಳಿದರೆ ಇನ್ನೊಂದು ಕಡೆ. ಪುಣೆಯಲ್ಲಿ ಎಲ್ಲರೂ ಮಾಡುವಂತೆ ಅಮಸೂಲು, ಅಂದರೆ ಒಣಗಿಸಿದ ಪುನರ್ಪುಳಿ ಸಿಪ್ಪೆ, ನೆನೆಹಾಕಿ ಆ ಕೆಂಪು ನೀರನ್ನು ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ದಿನಕ್ಕೆರಡು ಸಲ ಅವರ ಬೆನ್ನಿಗೆ ಕೈಯಾಡಿಸಬೇಕು, ಅವರು ನನ್ನ ಕೈ ಒರಟು ಎಂದು ಬೈಯಬೇಕು. ತಿಂಗಳಾದರೂ ಇಳಿಯದಾಗ ಚರ್ಮದ ಡಾಕ್ಟರರ ಬಳಿ ಕರೆದೊಯ್ದೆವು. ಅವರು ಫೆಕ್ಸೋಫೆನಾಡಿನ್ ಬರೆದರು, ದಿನಕ್ಕೆ ಒಂದೇ. ಹೊಸ ತಲೆಮಾರಿನ ಔಷಧ, ಮಿದುಳಿಗೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ, ಆ ವಯಸ್ಸಿನವರಿಗೆ ಅದಕ್ಕಿಂತ ಒಳ್ಳೆಯದು ನನಗೂ ತೋಚುತ್ತಿರಲಿಲ್ಲ.

ಎರಡು ವಾರ ನುಂಗಿದರೂ ಗಂದೆಗಳು ಜಪ್ಪಯ್ಯ ಅನ್ನಲಿಲ್ಲ. ಅತ್ತೆ ಹೊಸ ಔಷಧದ ಮೇಲೂ, ಬರೆದ ಡಾಕ್ಟರರ ಮೇಲೂ, ಒಟ್ಟಾರೆ ಓದಿದವರೆಲ್ಲರ ಮೇಲೂ ಹರಿಹಾಯ್ದರು. ಅದೇ ವೇಳೆಗೆ ನಾವಿರುವ ಅಪಾರ್ಟ್ಮೆಂಟಿನ ಸೊಸೈಟಿಯ ಅರಿಶಿನ ಕುಂಕುಮಕ್ಕೆ ಹೋಗಿ ಬಂದರು. ನಮ್ಮ ಕಡೆಯ ಹೆಂಗಸರು ಅಲ್ಲಿ ಎಳ್ಳುಬೆಲ್ಲದ ಜೊತೆ ಗುಳಿಗೆಗಳ ಸುದ್ದಿಯನ್ನೂ ಹಂಚುತ್ತಾರೆ. ಯಾರಿಗೆ ಯಾವುದು ಹತ್ತಿತು, ಯಾರಿಗೆ ಬಣ್ಣದ್ದು, ಯಾರಿಗೆ ಬಿಳಿಯದು, ಎಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಯಾರೋ ಅತ್ತೆಗೆ ಹಳೆಯ ಗುಳಿಗೆಯ ಗುಣಗಾನ ಮಾಡಿದ್ದರು.

ಮರುದಿನ ಬೆಳಿಗ್ಗೆ ಅಂಗಡಿ ತುಂಬ ಗಿರಾಕಿಗಳಿದ್ದಾಗ ಅವರು ನೆಟ್ಟಗೆ ಬಂದು ಹಳೆಯದನ್ನು ಕೊಡು ಎಂದು ಕೈ ಚಾಚಿದರು. ಕಣ್ಣೆಳೆಯದ ಗುಳಿಗೆ ಎಂಥ ಗುಳಿಗೆ, ಮೈಗೆ ಹತ್ತಿದ್ದು ಗೊತ್ತಾಗುವುದಾದರೂ ಹೇಗೆ ಎಂಬುದು ಅವರ ವಾದ. ನಾನು ಅವತ್ತು ನನ್ನ ಕೆಲಸ ಸರಿಯಾಗಿಯೇ ಮಾಡಿದೆ. ತುರಿಕೆ ಇಳಿಸುವುದರಲ್ಲಿ ಹಳೆಯದು ಹೊಸದಕ್ಕಿಂತ ಎಳ್ಳಷ್ಟೂ ಹೆಚ್ಚಲ್ಲ ಎಂದೆ. ನಿದ್ದೆ ಬರುವುದು ಔಷಧದ ಬಲವಲ್ಲ, ಅದರ ಕೆಡುಕು ಎಂದೆ. ವಯಸ್ಸಾದವರಿಗೆ ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಮೂತ್ರ ಕಟ್ಟುತ್ತದೆ, ಕಾಲು ತಪ್ಪಿ ಬೀಳುತ್ತಾರೆ, ಮರೆವು ಬಂದು ದಿಕ್ಕು ತಪ್ಪಿದವರ ಹಾಗೆ ಆಡುತ್ತಾರೆ ಎಂದು ಒಂದೊಂದಾಗಿ ಹೇಳಿದೆ. ಕೇಳಿಸಿಕೊಂಡ ಗಿರಾಕಿಗಳು ತಲೆದೂಗಿದರು.

ಅತ್ತೆ ಎಲ್ಲ ಮುಗಿಯುವವರೆಗೆ ಕಾದರು. ಆಮೇಲೆ ಗೋಡೆಯ ಚೌಕಟ್ಟನ್ನು ತೋರಿಸಿ, "ನಿನ್ನ ಡಿಗ್ರಿ ಗ್ವಾಡಿಗೆ ತೂಗಹಾಕಲಿಕ್ಕೆ ತಂದೇವಿ, ನನಗ ಕಲಿಸಲಿಕ್ಕೆ ಅಲ್ಲ," ಅಂದರು. ಕನ್ನಡ ತಿಳಿಯದ ಗಿರಾಕಿಗಳಿಗೂ ತಿಳಿಯಲಿ ಎಂದು ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದರು. ಯಾರೋ ನಕ್ಕರು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಇಂಗ್ಲಿಷ್ ಗುಳಿಗೆ ಅಂದರೆ ಉಷ್ಣ, ಅದನ್ನು ಬರೀ ನೀರಿನಲ್ಲಿ ನುಂಗಿದರೆ ಮೈ ಕಾಯುತ್ತದೆ ಎಂದು ಎಲ್ಲರೂ ಮೋಸಂಬಿ ರಸದ ಜೊತೆ ನುಂಗುತ್ತಾರೆ. ಅತ್ತೆಗೆ ಅದನ್ನು ಕಲಿಸಿದ್ದು ಅವರ ಅತ್ತೆ. ಔಷಧದಂಗಡಿ ನಡೆಸುವ ಮನೆಯಲ್ಲಿ ಇಂಥದು ನಡೆಯುತ್ತದೆಯೇ ಎಂದು ಯಾರಾದರೂ ಕೇಳಬಹುದು. ನಡೆಯುತ್ತದೆ, ಮತ್ತು ರಸ ಹಿಂಡುವವಳು ಫಾರ್ಮಸಿಸ್ಟೇ ಆಗಿರುತ್ತಾಳೆ. ವರ್ಷಗಟ್ಟಲೆ ಹಿಂಡಿ ಹಿಂಡಿ ನನಗೆ ಅದು ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಅಂಗಡಿಯಲ್ಲಿ ಮಾನ ಕಳೆದುಕೊಂಡ ಮರುದಿನ ಬೆಳಿಗ್ಗೆ ಅವರಿಗೆ ಲೋಟ ಕೊಡುವಾಗ ಒಂದು ಕೈಯಲ್ಲಿ ರಸ, ಇನ್ನೊಂದರಲ್ಲಿ ಆ ಗುಳಿಗೆ ಒಟ್ಟಿಗೆ ಕಂಡವು. ಫೆಕ್ಸೋಫೆನಾಡಿನ್ನನ್ನು ಹಣ್ಣಿನ ರಸದ ಜೊತೆ ನುಂಗಬಾರದು. ನುಂಗಿದರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಬಹುಪಾಲು ವ್ಯರ್ಥವಾಗಿ ಹೋಗುತ್ತದೆ. ಇದು ನಾನು ಪರೀಕ್ಷೆಗೆ ಓದಿದ್ದ ಮಾತು, ಡಬ್ಬಿಯೊಳಗಿನ ಕಾಗದದಲ್ಲೂ ಇತ್ತು. ಹೊಸ ಔಷಧ ಸೋತಿರಲೇ ಇಲ್ಲ, ಅತ್ತೆಯ ರಕ್ತಕ್ಕೆ ಅದು ಸರಿಯಾಗಿ ಸೇರಿಯೇ ಇರಲಿಲ್ಲ.

ಇದನ್ನು ನೀರಿನಲ್ಲಿ ನುಂಗಿರಿ ಎಂಬ ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೆ ಬಂತು. ಅವರು ಲೋಟ ಇಸಿದುಕೊಂಡು, ರಸದಲ್ಲಿ ಬೀಜ ಬಿದ್ದಿದೆ, ನಿಮ್ಮಪ್ಪ ಇದನ್ನೂ ಕಲಿಸದೆ ಸತ್ತನೇ ಎಂದರು. ನಾನು ಬಂದ ಮಾತನ್ನು ನುಂಗಿಕೊಂಡೆ. ಸಂಜೆ ಅಂಗಡಿಯಿಂದ ಹಳೆಯ ಗುಳಿಗೆಯ ಪಟ್ಟಿ ತಂದು ಅವರ ಕೈಗೆ ಹಾಕಿದೆ. ದಿನಕ್ಕೆ ಮೂರು ಎಂದೆ.

ಹಳೆಯ ಗುಳಿಗೆಗೆ ಮೋಸಂಬಿಯ ಹಂಗಿಲ್ಲ. ನಾಲ್ಕು ದಿನದಲ್ಲಿ ಗಂದೆ ಇಳಿದವು. ಅತ್ತೆ ಗೆದ್ದರು. ಸೊಸೈಟಿಯ ಹೆಂಗಸರಿಗೆಲ್ಲ ಫೋನ್ ಮಾಡಿ, ಹೊಸದೆಲ್ಲ ಬರೀ ಬಣ್ಣ, ಹಳೇದೇ ಖರೆ ಎಂದು ಸಾರಿದರು. ಆಕಳಿಸುತ್ತಲೇ ಸಾರಿದರು. ಮಧ್ಯಾಹ್ನ ಹನ್ನೆರಡಕ್ಕೆ ಕುರ್ಚಿಯಲ್ಲೇ ತೂಕಡಿಸಿದವರು ನಾಲ್ಕಕ್ಕೆ ಏಳತೊಡಗಿದರು. ಆಮೇಲೆ ಐದಕ್ಕೆ.

ಮನೆ ತಣ್ಣಗಾಯಿತು. ಅದನ್ನು ಹೇಗೆ ಹೇಳಲಿ? ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿದೆ. ಪಡಸಾಲೆಯಲ್ಲೇ ಕೂತು ಗದಗಿನ ನನ್ನ ಅವ್ವನ ಜೊತೆ ಫೋನಿನಲ್ಲಿ ಗಟ್ಟಿಯಾಗಿ ಮಾತಾಡಿದೆ. ಅತ್ತೆ ಎದುರಿಗೇ ಬಾಯಿ ತೆರೆದುಕೊಂಡು ಮಲಗಿರುತ್ತಿದ್ದರು, ತುಟಿಯ ಮೂಲೆ ಒಣಗಿ ಬಿರಿದಿರುತ್ತಿತ್ತು. ಎದ್ದಾಗ ಬೈಯಲು ಹೊರಟರೆ ನಾಲಿಗೆ ಅಂಗುಳಿಗೆ ಅಂಟಿಕೊಂಡು ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನೀರು ಬೇಕು ಎಂದು ಕೈಸನ್ನೆ ಮಾಡುತ್ತಿದ್ದರು. ನಾನು ನೀರು ಕೊಡುತ್ತಿದ್ದೆ, ಒಂದಿಷ್ಟು ತಡಮಾಡಿ ಕೊಡುತ್ತಿದ್ದೆ. ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಇದನ್ನು ಬೇರೆ ಹೆಸರಿನಿಂದ ಕರೆಯಲಾರೆ.

ಗಂಡನಿಗೂ ಹಿತವಾಗಿತ್ತು. ಅವ್ವ ಈಗ ಭಾಳ ಶಾಂತ ಆಗ್ಯಾಳ ಎಂದು ಊಟದ ಹೊತ್ತಿಗೆ ಎರಡು ಮೂರು ಸಲ ಹೇಳಿದ. ಗುಳಿಗೆ ಮುಗಿಯುವ ಮೊದಲೇ ಅದರ ಇನ್ನೊಂದು ಪಟ್ಟಿಯನ್ನು ಅಂಗಡಿಯಿಂದ ಅವನೇ ತರತೊಡಗಿದ. ನಾನು ಅದನ್ನು ಮಗನ ಕಾಳಜಿ ಎಂದುಕೊಂಡೆ.

ಮೂರನೇ ತಿಂಗಳಿಗೆ ಮರೆವು ಶುರುವಾಯಿತು. ಮೊದಲು ಚಿಕ್ಕಪುಟ್ಟದು. ಚಹಾ ಕುಡಿದು ಇನ್ನೂ ಚಹಾ ಕೊಟ್ಟಿಲ್ಲ ಎನ್ನುವುದು, ದೇವರ ಮನೆಯಲ್ಲಿ ದೀಪ ಹಚ್ಚಿ ಮತ್ತೆ ಹಚ್ಚಲು ಹೋಗುವುದು. ಆಮೇಲೆ ಗ್ಯಾಸು ತಿರುವಿ ಕಡ್ಡಿ ಗೀರದೆ ಬಂದುಬಿಟ್ಟರು. ಆಮೇಲೆ ಲಿಫ್ಟಿನಲ್ಲಿ ಬೇರೆ ಮಹಡಿಗೆ ಹೋಗಿ ಅಪರಿಚಿತರ ಮನೆಯ ಸೋಫಾದ ಮೇಲೆ ಕೂತಿದ್ದರು. ಒಂದು ಸಂಜೆ ನಾನು ಅಂಗಡಿಯಿಂದ ಬಂದಾಗ ಬಾಗಿಲಲ್ಲೇ ನಿಂತು, "ಅವರು ಇನ್ನೂ ಬಂದಿಲ್ಲೇನು? ತಾಟು ಹಾಕಿಟ್ಟೇನಿ," ಎಂದು ಮೆಲ್ಲಗೆ ಕೇಳಿದರು. ಮಾವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮೇಜಿನ ಮೇಲೆ ಮಾವನ ಹಿತ್ತಾಳೆ ತಾಟು ನಿಜಕ್ಕೂ ಇತ್ತು, ಪಕ್ಕದಲ್ಲಿ ನೀರಿನ ತಂಬಿಗೆ. ಇಷ್ಟು ಮೆತ್ತಗೆ ಅವರು ನನ್ನೊಡನೆ ಎಂದೂ ಮಾತಾಡಿರಲಿಲ್ಲ. ಆ ತಾಟನ್ನು ಒರೆಸಿ ಎತ್ತಿಟ್ಟೆ. ಆಮೇಲೆ ಅವತ್ತಿನ ಮೂರನೇ ಗುಳಿಗೆಯನ್ನು ನಾನೇ ಕೊಟ್ಟೆ.

ಗಂಡ ಅವರ ಸೊಂಟದ ಬೀಗದ ಕೈ ಗೊಂಚಲನ್ನು ತೆಗೆದುಕೊಂಡ. ದೇಹೂ ರೋಡಿನ ಆಚೆ ಮರೆವಿನವರನ್ನು ಇಟ್ಟುಕೊಳ್ಳುವ ಒಂದು ವೃದ್ಧಾಶ್ರಮದ ವಿಚಾರ ತೆಗೆದ. ಅಲ್ಲಿ ಸೇರಿಸಿಕೊಳ್ಳಬೇಕಾದರೆ ಡಾಕ್ಟರರ ಕಾಗದ ಬೇಕಿತ್ತು. ಮೂವರೂ ಹೋದೆವು. ಡಾಕ್ಟರು ಮರಾಠಿಯಲ್ಲಿ ಕೇಳಿದರು: ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ, ಗಡಿಯಾರದ ಚಿತ್ರ ಬರೆಯಿರಿ. ಐವತ್ತು ವರ್ಷ ಪುಣೆಯ ತರಕಾರಿಯವರನ್ನೆಲ್ಲ ಮರಾಠಿಯಲ್ಲಿ ಬಾಯಿ ಮುಚ್ಚಿಸಿದ ಅತ್ತೆಗೆ ಒಂದು ಮರಾಠಿ ಶಬ್ದವೂ ನೆನಪಾಗಲಿಲ್ಲ. ಕನ್ನಡದಲ್ಲಿ ತೊದಲಿದರು. ನಾನು ಅನುವಾದ ಮಾಡಿದೆ, ಒಂದಕ್ಷರವೂ ತಿರುಚದೆ ಮಾಡಿದೆ. ತಿರುಚುವ ಅಗತ್ಯವೇ ಬೀಳಲಿಲ್ಲ. ಗಡಿಯಾರದ ಅಂಕಿಗಳನ್ನೆಲ್ಲ ಅವರು ಒಂದೇ ಪಕ್ಕಕ್ಕೆ ತುರುಕಿದ್ದರು.

ಕೊನೆಗೆ ಡಾಕ್ಟರು, ಯಾವ ಯಾವ ಔಷಧ ತೆಗೆದುಕೊಳ್ಳುತ್ತಾರೆ, ನಿದ್ದೆಯದು, ನೆಗಡಿಯದು, ಅಲರ್ಜಿಯದು ಏನಾದರೂ ಇದೆಯೇ ಎಂದು ನನ್ನನ್ನು ಕೇಳಿದರು. ನಾನು ಫಾರ್ಮಸಿಸ್ಟ್ ಎಂದು ಗಂಡ ಆಗಲೇ ಹೆಮ್ಮೆಯಿಂದ ಹೇಳಿದ್ದ. ರಕ್ತದೊತ್ತಡದ್ದು ಮತ್ತು ಕ್ಯಾಲ್ಸಿಯಂ ಎಂದೆ. ಅಷ್ಟೇ ಎಂದೆ. ಡಾಕ್ಟರು ನನ್ನ ಮಾತನ್ನು ಹಾಗೇ ಬರೆದುಕೊಂಡು ಕಾಗದ ಕೊಟ್ಟರು.

ಎರಡು ವಾರದ ನಂತರ ಒಂದು ಬೆಳಿಗ್ಗೆ ಅತ್ತೆ ಬಚ್ಚಲಿನಿಂದ ಹೊರಗೆ ಬರಲೇ ಇಲ್ಲ. ಒಳಗೆ ಹೋಗಿ ನೋಡಿದರೆ ಗೋಡೆ ಹಿಡಿದು ನರಳುತ್ತಿದ್ದರು, ಕೆಳಹೊಟ್ಟೆ ಗಟ್ಟಿಯಾಗಿ ಉಬ್ಬಿತ್ತು. ಹಿಂದಿನ ಸಂಜೆಯಿಂದ ಮೂತ್ರ ಕಟ್ಟಿತ್ತು. ಆಸ್ಪತ್ರೆಯಲ್ಲಿ ನಳಿಗೆ ಹಾಕಿದಾಗ ಅವರು ಕಿರುಚಿದ್ದು ಕಾರಿಡಾರಿನ ತುದಿಗೂ ಕೇಳಿತು. ಅಲ್ಲಿನ ಡಾಕ್ಟರೂ ಔಷಧಗಳ ಬಗ್ಗೆ ಅದೇ ಪ್ರಶ್ನೆ ಕೇಳಿದರು. ಈ ಸಲ ಹೇಳಿಬಿಡೋಣ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗಂಡ, ಬಿಪಿಯದು ಮತ್ತು ಕ್ಯಾಲ್ಸಿಯಂ ಎಂದ. ಅಷ್ಟೇ ಎಂದ.

ಆಸ್ಪತ್ರೆಯಲ್ಲಿ ಅವರು ಬರೆದುಕೊಂಡ ಔಷಧಗಳನ್ನಷ್ಟೇ ಕೊಟ್ಟರು. ಹೀಗಾಗಿ ಹಳೆಯ ಗುಳಿಗೆ ತಾನಾಗಿಯೇ ನಿಂತಿತು. ಮೂರನೇ ದಿನ ಬೆಳಿಗ್ಗೆ ನಾನು ಗಂಜಿ ತಿನ್ನಿಸುತ್ತಿದ್ದಾಗ ಅತ್ತೆ ಚಮಚವನ್ನು ತಳ್ಳಿ, ಇವತ್ತು ಗುರುವಾರ, ನನ್ನ ಉಪವಾಸ, ಅಷ್ಟೂ ನೆನಪಿಲ್ಲೇನು ನಿನಗೆ ಎಂದು ಗದರಿದರು. ಅವತ್ತು ಗುರುವಾರವೇ. ಪಕ್ಕದ ಹಾಸಿಗೆಯವರ ಮಗಳೊಡನೆ ಅವರು ಅಚ್ಚ ಮರಾಠಿಯಲ್ಲಿ ಮಾತಾಡುತ್ತಿದ್ದುದನ್ನು ಕೇಳುತ್ತ ನಾನು ಆ ಗಂಜಿಯ ಬಟ್ಟಲು ಹಿಡಿದು ಎಷ್ಟೋ ಹೊತ್ತು ಕೂತಿದ್ದೆ.

ಮನೆಗೆ ಬಂದ ಮೇಲೆ ಹಳೆಯ ಪಟ್ಟಿಗಳನ್ನೆಲ್ಲ ಎತ್ತಿ ಒಗೆದೆ. ಗಂದೆ ಮತ್ತೆ ಏಳತೊಡಗಿದ್ದವು. ಹೊಸ ಗುಳಿಗೆಯನ್ನು ದಿನಕ್ಕೊಂದು, ನನ್ನ ಕೈಯಾರೆ, ಬರೀ ನೀರಿನಲ್ಲಿ ಕೊಟ್ಟೆ. ಮೋಸಂಬಿ ಎಲ್ಲಿ ಎಂದು ಕೇಳಿದರು, ಪೇಟೆಯಲ್ಲಿ ಸಿಗುತ್ತಿಲ್ಲ ಎಂದೆ. ವಾರ ತುಂಬುವುದರೊಳಗೆ ಚರ್ಮ ನಿರ್ಮಲವಾಯಿತು. ಹಳೆಯದು ಏನು ಮಾಡಿತ್ತೋ ಅದನ್ನೇ ಇದೂ ಮಾಡಿತು, ತಲೆಯನ್ನು ಮುಟ್ಟದೆ ಮಾಡಿತು. ಮೊದಲು ಅತ್ತೆಯ ಲೆಕ್ಕ ಮರಳಿತು, ಆಮೇಲೆ ಹೆಸರುಗಳು, ಆಮೇಲೆ ನಾಲಿಗೆ. ನಾನು ಮಾಡಿದ ಪಲ್ಯವನ್ನು ಬಾಯಿಗಿಟ್ಟು ತಾಟಿನ ಅಂಚಿಗೆ ತೆಗೆದಿಟ್ಟರು. ನನ್ನ ಬೀಗದ ಕೈ ಎಲ್ಲಿ ಎಂದು ಕೇಳಿದರು. ಅವರನ್ನು ಕಂಡರೆ ನನಗೆ ಮತ್ತೆ ಮೊದಲಿನಷ್ಟೇ ಸಿಟ್ಟು ಬಂತು, ಅದರಿಂದಲೇ ಅವರು ನೆಟ್ಟಗಾದರು ಎಂದು ನನಗೆ ಖಾತ್ರಿಯಾಯಿತು.

ವೃದ್ಧಾಶ್ರಮದಲ್ಲಿ ಜಾಗ ಗೊತ್ತುಮಾಡಿಯಾಗಿತ್ತು, ಬರುವ ಬುಧವಾರ ಬಿಟ್ಟುಬರಬೇಕಿತ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಗಂಡನೆದುರು ಕೂತು ಎಲ್ಲವನ್ನೂ ಹೇಳಿದೆ. ಹಳೆಯ ಗುಳಿಗೆಯಿಂದಲೇ ಮರೆವು ಬಂದದ್ದು, ಮೋಸಂಬಿಯ ವಿಷಯ ನನಗೆ ಮೊದಲೇ ಗೊತ್ತಿದ್ದದ್ದು, ಡಾಕ್ಟರಿಗೆ ಸುಳ್ಳು ಹೇಳಿದ್ದು. ಅವನು ಹೊಡೆಯಬಹುದು, ಮನೆ ಬಿಟ್ಟು ಹೊರಡು ಎನ್ನಬಹುದು ಎಂದುಕೊಂಡಿದ್ದೆ. ಅವನು ಹಲ್ಲಿನ ಸಂದಿಯಿಂದ ಅಡಿಕೆ ಚೂರು ತೆಗೆಯುತ್ತ ಕೂತಿದ್ದ.

"ಮೋಸಂಬೀದು ಗೊತ್ತಿರಲಿಲ್ಲ," ಅಂದ. "ಉಳದದ್ದು ಗೊತ್ತಿತ್ತು. ನೀ ಅವತ್ತ ಅಂಗಡ್ಯಾಗ ಎಲ್ಲಾ ಹೇಳಿದ್ದ್ಯಲಾ, ಮುದುಕರಿಗೆ ಮರವು ಬರತದ ಅಂತ. ನಾ ಗಲ್ಲೇದ ಮ್ಯಾಲೆ ಇದ್ದೆ."

ಹಾಗಾದರೆ ಪಟ್ಟಿ ಮುಗಿಯುವ ಮೊದಲೇ ಯಾಕೆ ತರುತ್ತಿದ್ದೆ ಎಂದು ಕೇಳಿದೆ. ಅವನು ಹೆಚ್ಚು ಯೋಚಿಸಲಿಲ್ಲ. ಹುಟ್ಟಿದಾಗಿನಿಂದ ಈ ಮನೆಯಲ್ಲಿ ಅವ್ವನ ದನಿ ಬಿಟ್ಟು ಬೇರೆ ಏನನ್ನೂ ಕೇಳಿರಲಿಲ್ಲ, ಈ ಆರು ತಿಂಗಳು ಬೇರೆಯದನ್ನೂ ಕೇಳಿದೆ ಎಂದ. ಈಗ ಅವರು ನೆಟ್ಟಗಿದ್ದಾರೆ ಎಂದೆ. ಕಾಗದದಲ್ಲಿ ಹಾಗಿಲ್ಲ ಎಂದ. ಆ ಕಾಗದ ನಿನ್ನ ಮಾತಿನ ಮೇಲೇ ಆದದ್ದು, ಅದು ಸುಳ್ಳು ಎಂದು ನೀನೇ ಹೋಗಿ ಹೇಳಿದರೆ ಗೋಡೆಯ ಮೇಲಿನ ಸರ್ಟಿಫಿಕೇಟು ಉಳಿಯುತ್ತದೆಯೇ ನೋಡು ಎಂದೂ ಸೇರಿಸಿದ. ಬೆದರಿಸುವ ದನಿಯಲ್ಲಿ ಹೇಳಲಿಲ್ಲ, ಹವಾಮಾನ ಹೇಳುವಷ್ಟೇ ಸಹಜವಾಗಿ ಹೇಳಿದ. ಸರ್ಟಿಫಿಕೇಟು ಹೋದರೆ ಹೋಗಲಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಆ ಆರು ತಿಂಗಳು ನನಗೂ ಬೇಕಾಗಿದ್ದವು, ಮತ್ತು ಇನ್ನೂ ಬೇಕಾಗಿದ್ದವು.

ಮೇಲೆದ್ದಾಗ ಅತ್ತೆ ಕೋಣೆಯ ಬಾಗಿಲಲ್ಲಿ ನಿಂತಿದ್ದುದು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮಗನ ಕಡೆ ಒಮ್ಮೆ ನೋಡಿ ಒಳಗೆ ಹೋದರು. ಆಮೇಲೆ ಮೂರು ದಿನ ಮನೆಯಲ್ಲಿ ಅವರ ದನಿ ಕೇಳಲಿಲ್ಲ. ಹಳೆಯ ಗುಳಿಗೆಯಿಲ್ಲದೆಯೇ ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಅವರ ಸೀರೆಗಳನ್ನು ಚೀಲಕ್ಕೆ ಹಾಕುತ್ತಿದ್ದೆ. ಗಂಡ ಕಾರು ತೆಗೆಯಲು ಕೆಳಗೆ ಹೋಗಿದ್ದ. ಅತ್ತೆ ಮಂಚದ ಮೇಲೆ ಕೂತು ನಾನು ಮಡಚುವುದನ್ನೇ ನೋಡುತ್ತಿದ್ದರು. ಆಮೇಲೆ ಕೈ ಚಾಚಿದರು. ನನ್ನ ಕೈ ಹಿಡಿಯಲು ಎಂದು ಒಂದು ಕ್ಷಣ ಭ್ರಮಿಸಿದೆ.

"ಆ ಹಳೇ ಗುಳಿಗಿ ಎರಡು ಕೊಡವಾ," ಅಂದರು. "ಅಲ್ಲಿಗೆ ಹೋಗೂದು ನನಗ ಗೊತ್ತಾಗಬಾರದು."

ಹದಿನೆಂಟು ವರ್ಷದಲ್ಲಿ ಅವರು ನನಗೆ ಎಂದೂ ಅಕ್ಕರೆಯ 'ಅವ್ವಾ' ಹಚ್ಚಿ ಮಾತಾಡಿರಲಿಲ್ಲ. ಅಂಗಡಿ ಕೆಳಗಿನ ರಸ್ತೆಯಲ್ಲೇ ಇತ್ತು, ತಂದು ಕೊಡಲು ಐದು ನಿಮಿಷ ಸಾಕಿತ್ತು. ದಯೆ ಇದ್ದವಳು ಕೊಡುತ್ತಿದ್ದಳು. ನಾನು ಸೀರೆಯ ಮಡಿಕೆ ಸರಿಮಾಡುತ್ತ, ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ದನಿಯಲ್ಲೇ, "ಅದು ವಯಸ್ಸಾದವರಿಗೆ ಚಲೋ ಅಲ್ಲರಿ ಅತ್ತಿಯವರ," ಎಂದೆ.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅವರು ಚಾಚಿದ ಕೈಯನ್ನು ಮೆಲ್ಲಗೆ ಮಡಿಲಿಗೆ ತೆಗೆದುಕೊಂಡರು. ಅಷ್ಟು ವರ್ಷ ಅವರು ನನಗೆ ಆಡಿದ್ದೆಲ್ಲವನ್ನೂ ಒಟ್ಟು ಮಾಡಿದರೂ ಆ ಒಂದು ಮಾತಿನಷ್ಟು ಕ್ರೂರವಾಗಿರಲಿಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು. ಹಿಂದೆಗೆದುಕೊಳ್ಳಬೇಕು ಎನ್ನಿಸಲಿಲ್ಲ.

ದಾರಿಯುದ್ದಕ್ಕೂ ಅವರು ಕಣ್ಣು ತೆರೆದೇ ಇದ್ದರು. ವೃದ್ಧಾಶ್ರಮದ ಕಚೇರಿಯಲ್ಲಿ ಫಾರಂ ತುಂಬುತ್ತಿದ್ದ ಹೆಂಗಸು ಡಾಕ್ಟರರ ಕಾಗದ ಓದಿ, ಮಗುವಿನೊಡನೆ ಆಡುವ ದನಿಯಲ್ಲಿ, ಇವತ್ತು ಯಾವ ವಾರ ಆಜಿ ಎಂದು ಕೇಳಿದಳು. ಅತ್ತೆ ವಾರ ಹೇಳಿದರು. ತಾರೀಖು ಹೇಳಿದರು. ಮನೆಯ ವಿಳಾಸವನ್ನು ಪಿನ್ ಕೋಡಿನ ಸಮೇತ ಹೇಳಿದರು, ತಮ್ಮನ್ನು ಕರೆತಂದು ಬಿಡುತ್ತಿರುವವರು ಮಗ ಮತ್ತು ಸೊಸೆ ಎಂದರು, ಎಲ್ಲವನ್ನೂ ತಪ್ಪಿಲ್ಲದ ಮರಾಠಿಯಲ್ಲಿ. ಆ ಹೆಂಗಸು ಪೆನ್ನು ನಿಲ್ಲಿಸಿ ನಮ್ಮ ಮುಖ ನೋಡಿದಳು. ಒಮ್ಮೊಮ್ಮೆ ಹೀಗೆ ನೆಟ್ಟಗಿರುತ್ತಾಳೆ ಎಂದ ನನ್ನ ಗಂಡ. ಅವಳು ನನ್ನ ಕಡೆ ತಿರುಗಿ, ಹೌದೇನು ತಾಯಿ ಎಂದಳು. ಅತ್ತೆಯೂ ನನ್ನನ್ನೇ ನೋಡುತ್ತಿದ್ದರು, ಬೇಡುತ್ತಿರಲಿಲ್ಲ, ಉತ್ತರ ತಿಳಿದವರ ಹಾಗೆ ಸುಮ್ಮನೆ ಕಾಯುತ್ತಿದ್ದರು. ನಾನು ಹೌದು ಎಂದೆ. ಗಂಡ ಸಹಿ ಮಾಡಿ ಫಾರಂ ನನ್ನ ಕಡೆ ಸರಿಸಿದ, ಅವನ ಸಹಿಯ ಕೆಳಗೆ ನಾನೂ ಸಹಿ ಮಾಡಿದೆ.